ಕಾಡಿನ ಮಣ್ಣು ಬಿಡುವ ಉಸಿರು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ಏರ್ಪಡಿಸಿದ್ದ ಹಳೆಯ ವಿದ್ಯಾರ್ಥಿಗಳ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಂಘಟಕರು ಫೋನ್ ಮಾಡಿ, "ನೀವು ಮಾಡುವ ಕೆಲಸದ ಬಗ್ಗೆ ಮಕ್ಕಳಿಗೂ ಊರವರಿಗೂ ಅರ್ಥವಾಗುವ ಹಾಗೆ ಅರ್ಧ ಗಂಟೆ ಮಾತಾಡಬೇಕು" ಎಂದರು. ನನ್ನ ಕೆಲಸ ಮಣ್ಣಿನ ಸೂಕ್ಷ್ಮಜೀವಿಗಳ ಅಧ್ಯಯನ. ಅದರಲ್ಲೂ ಕಾಡಿನ ಮಣ್ಣಿನಲ್ಲಿ ನೈಟ್ರೇಟ್ ಎಂಬ ಲವಣವನ್ನು ಅನಿಲವಾಗಿ ಮಾಡಿ ಆಕಾಶಕ್ಕೆ ಬಿಡುವ ಬ್ಯಾಕ್ಟೀರಿಯಾಗಳ ಅಧ್ಯಯನ. ಇಷ್ಟು ಹೇಳಿದರೆ ನಮ್ಮ ಮನೆಯವರೇ, "ಅದರಿಂದ ಯಾರಿಗೇನು ಪ್ರಯೋಜನ?" ಎಂದು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಉತ್ತರವನ್ನು ಇವತ್ತು ನಿಮ್ಮೆದುರಿಗೆ ಹೇಳುತ್ತೇನೆ. ನಮ್ಮ ಶಾಲೆಯ ಬಾವಿ, ಅದಕ್ಕಿಂತ ಎತ್ತರದಲ್ಲಿರುವ ಅಡಿಕೆ ತೋಟಗಳು, ಇವೆರಡರ ನಡುವೆ ಹಳ್ಳದ ಅಂಚಿಗೆ ನಿಂತಿರುವ ಕಾಡಿನ ಪಟ್ಟಿ, ಈ ಮೂರಕ್ಕೂ ಆ ಉತ್ತರ ಸಂಬಂಧಪಟ್ಟಿದೆ. ಆ ಪಟ್ಟಿಯನ್ನು ತೆಗೆದು ತೋಟ ಮಾಡುವ ಮಾತು ಊರಲ್ಲಿ ನಡೆದಿದೆ ಎಂದು ಕೇಳಿದ ಮೇಲೆ, ಬೇರೆ ವಿಷಯ ಹುಡುಕುವುದು ಬೇಡ ಎನ್ನಿಸಿತು.

ಮಕ್ಕಳೇ, ಸಾರಜನಕ ಚಕ್ರದ ಚಿತ್ರವನ್ನು ನೀವೆಲ್ಲ ಬರೆದಿದ್ದೀರಿ. ಮೇಲೆ ಮೋಡ, ಮಿಂಚು. ಕೆಳಗೆ ಒಂದು ಹಸು, ಒಂದು ದ್ವಿದಳ ಧಾನ್ಯದ ಗಿಡ, ಅದರ ಬೇರಿನಲ್ಲಿ ಗಂಟು. ಆಕಾಶದಿಂದ ಭೂಮಿಗೆ ಬರುವ ಬಾಣಗಳನ್ನು ನಾವು ಚೆನ್ನಾಗಿ ಕಲಿಯುತ್ತೇವೆ. ಬೇರುಗಂಟಿನ ರೈಜೋಬಿಯಂ ಹೆಸರು ಎಲ್ಲರಿಗೂ ಬಾಯಿಪಾಠ. ಆದರೆ ಚಿತ್ರದ ಒಂದು ಮೂಲೆಯಲ್ಲಿ ಭೂಮಿಯಿಂದ ಆಕಾಶಕ್ಕೆ ಹಿಂದಿರುಗುವ ಬಾಣ ಒಂದಿದೆ. ಅದರ ಪಕ್ಕದಲ್ಲಿ 'ಡಿನೈಟ್ರೀಕರಣ' ಎಂದು ಬರೆದಿರುತ್ತದೆ. ನಮ್ಮ ಕಾಲದಲ್ಲಿ ಅದು ಒಂದು ಅಂಕದ ಪ್ರಶ್ನೆ. ಆ ಒಂದು ಅಂಕದ ಪ್ರಶ್ನೆಯ ಮೇಲೆ ನಾನು ಇಪ್ಪತ್ತೈದು ವರ್ಷ ಕಳೆದಿದ್ದೇನೆ. ಉತ್ತರ ಇನ್ನೂ ಪೂರ್ತಿ ಆಗಿಲ್ಲ.

ಮೊದಲು ಲೆಕ್ಕ ನೋಡೋಣ. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕ. ಆದರೆ ಅದು ಬೀಗ ಹಾಕಿದ ಪೆಟ್ಟಿಗೆಯ ಹಣದ ಹಾಗೆ. ಎರಡು ಸಾರಜನಕ ಪರಮಾಣುಗಳು ಮೂರು ಬಂಧಗಳಿಂದ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿವೆ. ಗಿಡಕ್ಕೂ ನಮಗೂ ಅದನ್ನು ಬಿಡಿಸುವ ಶಕ್ತಿ ಇಲ್ಲ. ಕೆಲವು ಬ್ಯಾಕ್ಟೀರಿಯಾಗಳಿಗೆ ಇದೆ, ಮಿಂಚಿಗೆ ಇದೆ. 20ನೇ ಶತಮಾನದ ಆರಂಭದಿಂದ ಮನುಷ್ಯನ ಕಾರ್ಖಾನೆಗಳಿಗೂ ಇದೆ. ಜರ್ಮನಿಯ ಫ್ರಿಟ್ಸ್ ಹೇಬರ್ ಕಂಡುಹಿಡಿದ ವಿಧಾನದಿಂದ 1913ರಲ್ಲಿ ಅಮೋನಿಯಾ ಕಾರ್ಖಾನೆ ಶುರುವಾಯಿತು. ಇವತ್ತಿನ ಯೂರಿಯಾ ಚೀಲದ ಮೂಲ ಅದು. ಹೀಗೆ ಗಾಳಿಯ ಸಾರಜನಕ ನೆಲಕ್ಕೆ ಇಳಿಯುತ್ತಲೇ ಇರುತ್ತದೆ. ಇಳಿದದ್ದು ಹಿಂದಿರುಗದೇ ಹೋದರೆ? ಜಮಾ ಮಾತ್ರ ಇದ್ದು ಖರ್ಚೇ ಇಲ್ಲದ ಖಾತೆಯ ಹಾಗೆ ನೆಲ, ನೀರು, ಸಮುದ್ರಗಳಲ್ಲಿ ಅದು ತುಂಬುತ್ತಾ ಹೋಗುತ್ತದೆ. ಹಾಗಾಗದಂತೆ ನೋಡಿಕೊಳ್ಳುವುದು ಆ ಹಿಂದಿರುಗುವ ಬಾಣ.

ಈಗ ಕಾಡಿಗೆ ಬನ್ನಿ. ಒಂದು ಎಲೆ ಉದುರಿ ದರಕಿನ ಮೇಲೆ ಬಿದ್ದಿತು ಎಂದುಕೊಳ್ಳಿ. ಅದರೊಳಗೆ ಪ್ರೋಟೀನಿನ ರೂಪದಲ್ಲಿ ಸಾರಜನಕ ಇದೆ. ಗೆದ್ದಲು, ಎರೆಹುಳ, ಅಣಬೆಯ ಎಳೆಗಳು, ಬ್ಯಾಕ್ಟೀರಿಯಾ ಎಲ್ಲ ಸೇರಿ ಎಲೆಯನ್ನು ಕೊಳೆಸುತ್ತವೆ. ಪ್ರೋಟೀನು ಒಡೆದು ಅಮೋನಿಯಂ ಆಗುತ್ತದೆ. ಆಮೇಲೆ ಬೇರೊಂದು ಗುಂಪಿನ ಸೂಕ್ಷ್ಮಜೀವಿಗಳು ಅಮೋನಿಯಂ ಅನ್ನು ಆಮ್ಲಜನಕದ ಜೊತೆ ಸೇರಿಸಿ ಮೊದಲು ನೈಟ್ರೈಟ್, ಬಳಿಕ ನೈಟ್ರೇಟ್ ಮಾಡುತ್ತವೆ. ಇದು ನೈಟ್ರೀಕರಣ. ಇದನ್ನು ಮಾಡುವ ಬ್ಯಾಕ್ಟೀರಿಯಾಗಳನ್ನು 1890ರ ಸುಮಾರಿಗೆ ಬೇರ್ಪಡಿಸಿ ತೋರಿಸಿದವರು ರಷ್ಯದ ಸೆರ್ಗೆಯ್ ವಿನೋಗ್ರಾಡ್ಸ್ಕಿ.

ಅಮೋನಿಯಂಗೂ ನೈಟ್ರೇಟಿಗೂ ಒಂದು ಮುಖ್ಯ ವ್ಯತ್ಯಾಸ ಇದೆ. ಅಮೋನಿಯಂಗೆ ಧನ ವಿದ್ಯುದಂಶ, ಜೇಡಿಮಣ್ಣಿನ ಕಣಗಳ ಮೇಲೆ ಸಾಮಾನ್ಯವಾಗಿ ಋಣ ವಿದ್ಯುದಂಶ. ಹಾಗಾಗಿ ಮಣ್ಣು ಅಮೋನಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ನೈಟ್ರೇಟಿಗೂ ಋಣ ವಿದ್ಯುದಂಶವೇ. ಮಣ್ಣು ಅದನ್ನು ಹಿಡಿಯುವುದಿಲ್ಲ. ಜೋರು ಮಳೆ ಬಂದರೆ ಅದು ನೀರಿನ ಜೊತೆ ಹೊರಟಿತು. ಹೋಗುವ ದಾರಿ ಮೂರೇ. ಒಂದು, ಬೇರು ಅಥವಾ ಇತರ ಜೀವಿಗಳು ಹೀರಿಕೊಳ್ಳಬೇಕು. ಎರಡು, ನೀರಿನ ಜೊತೆ ಬಸಿದು ಹಳ್ಳಕ್ಕೋ ಬಾವಿಗೋ ಸೇರಬೇಕು. ಮೂರು, ನಮ್ಮ ಇವತ್ತಿನ ಕಥಾನಾಯಕರ ಕೈಗೆ ಸಿಕ್ಕಿ ಗಾಳಿಯಾಗಬೇಕು.

ಈ ಕಥಾನಾಯಕರನ್ನು ಮೊದಲು ಪ್ರಯೋಗಾಲಯದಲ್ಲಿ ಹಿಡಿದವರು ಫ್ರಾನ್ಸಿನ ಗಯೊನ್ ಮತ್ತು ದುಪೆಟಿ. 1880ರ ದಶಕದ ಮಾತು. ಗಯೊನ್ ಅವರು ಲೂಯಿ ಪಾಶ್ಚರ್ ಬಳಿ ಕೆಲಸ ಕಲಿತವರು. ನೈಟ್ರೇಟ್ ಬೆರೆಸಿದ ದ್ರವದಲ್ಲಿ ಬ್ಯಾಕ್ಟೀರಿಯಾ ಬೆಳೆಸಿದಾಗ ನೈಟ್ರೇಟ್ ಕಾಣೆಯಾಗಿ ಅನಿಲ ಹೊರಬರುವುದನ್ನು ಅವರು ತೋರಿಸಿದರು.

ಬ್ಯಾಕ್ಟೀರಿಯಾ ಹೀಗೇಕೆ ಮಾಡುತ್ತದೆ? ನಮಗೆ ಉಪಕಾರ ಮಾಡಲಿಕ್ಕಲ್ಲ, ಉಸಿರಾಡಲಿಕ್ಕೆ. ನಾವು ಅನ್ನ ತಿನ್ನುತ್ತೇವೆ, ಅದರಿಂದ ಶಕ್ತಿ ಪಡೆಯುವಾಗ ಎಲೆಕ್ಟ್ರಾನುಗಳು ಬಿಡುಗಡೆಯಾಗುತ್ತವೆ. ಅವನ್ನು ಕೊನೆಗೆ ಯಾರಾದರೂ ತೆಗೆದುಕೊಳ್ಳಬೇಕು. ನಮ್ಮ ದೇಹದಲ್ಲಿ ಆ ಕೆಲಸ ಆಮ್ಲಜನಕದ್ದು. ಆಮ್ಲಜನಕ ನಾಲ್ಕು ನಿಮಿಷ ಇಲ್ಲವೆಂದರೆ ನಮ್ಮ ಕಥೆ ಮುಗಿಯಿತು. ಈ ಬ್ಯಾಕ್ಟೀರಿಯಾಗಳು ನಮಗಿಂತ ಜಾಣ. ಆಮ್ಲಜನಕ ಇರುವಾಗ ನಮ್ಮ ಹಾಗೆಯೇ ಅದನ್ನು ಬಳಸುತ್ತವೆ. ಅದು ಮುಗಿದರೆ, ಪಕ್ಕದಲ್ಲಿರುವ ನೈಟ್ರೇಟಿಗೆ ಎಲೆಕ್ಟ್ರಾನು ಒಪ್ಪಿಸಿ ಉಸಿರಾಟ ಮುಂದುವರಿಸುತ್ತವೆ. ಅಡುಗೆ ಗ್ಯಾಸ್ ಮುಗಿದಾಗ ಹಿತ್ತಲ ಸೌದೆ ಒಲೆ ಹೊತ್ತಿಸುವ ಹಾಗೆ. ಸ್ವಲ್ಪ ಕಡಿಮೆ ಶಕ್ತಿ ಸಿಗುತ್ತದೆ, ಆದರೆ ಅಡುಗೆ ನಿಲ್ಲುವುದಿಲ್ಲ. ಸ್ಯೂಡೊಮೊನಾಸ್, ಪ್ಯಾರಾಕಾಕಸ್ ಮುಂತಾದ ಹತ್ತಾರು ಕುಲಗಳ ಬ್ಯಾಕ್ಟೀರಿಯಾಗಳಿಗೆ ಈ ವಿದ್ಯೆ ಗೊತ್ತು. ಗಾಳಿಯ ಸಾರಜನಕವನ್ನು ಗಿಡಕ್ಕೆ ಕೊಡುವ ಬೇರುಗಂಟಿನ ಬ್ಯಾಕ್ಟೀರಿಯಾಗಳಲ್ಲೂ ಕೆಲವಕ್ಕೆ ಗೊತ್ತು.

ಈ ಉಸಿರಾಟ ನಾಲ್ಕು ಮೆಟ್ಟಿಲುಗಳಲ್ಲಿ ನಡೆಯುತ್ತದೆ. ನೈಟ್ರೇಟ್ ನೈಟ್ರೈಟ್ ಆಗುತ್ತದೆ. ನೈಟ್ರೈಟ್ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವಾಗುತ್ತದೆ. ಅದು ನೈಟ್ರಸ್ ಆಕ್ಸೈಡ್ ಆಗುತ್ತದೆ. ಕೊನೆಗೆ ನೈಟ್ರಸ್ ಆಕ್ಸೈಡ್ ಶುದ್ಧ ಸಾರಜನಕವಾಗಿ, ಬಂದಲ್ಲಿಗೇ ಹಿಂದಿರುಗುತ್ತದೆ. ಒಂದೊಂದು ಮೆಟ್ಟಿಲಿಗೂ ಒಂದೊಂದು ಕಿಣ್ವ. ಮೊದಲನೆಯ ಕಿಣ್ವಕ್ಕೆ ಮಾಲಿಬ್ಡಿನಂ ಬೇಕು, ಕೊನೆಯ ಕಿಣ್ವಕ್ಕೆ ತಾಮ್ರ ಬೇಕು. ಎಲ್ಲ ಬ್ಯಾಕ್ಟೀರಿಯಾಗಳ ಬಳಿಯೂ ನಾಲ್ಕು ಕಿಣ್ವಗಳೂ ಇರುವುದಿಲ್ಲ. ಕೆಲವು ಎರಡನೇ ಮೆಟ್ಟಿಲಿಗೆ ನಿಲ್ಲುತ್ತವೆ, ಕೆಲವು ಮೂರನೆಯದಕ್ಕೆ. ಕಾಡಿನ ದರಕಿನಲ್ಲಿ ಹೇರಳವಾಗಿರುವ ಶಿಲೀಂಧ್ರಗಳಲ್ಲೂ ಕೆಲವು ಈ ಕೆಲಸ ಮಾಡುತ್ತವೆ. ಅವುಗಳ ಬಳಿ ಸಾಮಾನ್ಯವಾಗಿ ಕೊನೆಯ ಕಿಣ್ವ ಇರುವುದಿಲ್ಲ. ಈ ಕೊನೆಯ ಮೆಟ್ಟಿಲನ್ನು ನೆನಪಿಟ್ಟುಕೊಳ್ಳಿ, ಮತ್ತೆ ಅಲ್ಲಿಗೆ ಬರುತ್ತೇನೆ.

ಕೆಲಸ ನಡೆಯಲು ಮೂರು ಸಂಗತಿ ಒಂದೇ ಜಾಗದಲ್ಲಿ ಕೂಡಬೇಕು. ಆಮ್ಲಜನಕ ಇರಬಾರದು, ನೈಟ್ರೇಟ್ ಇರಬೇಕು, ತಿನ್ನಲು ಕೊಳೆಯುವ ಎಲೆ ಬೇರುಗಳ ಇಂಗಾಲ ಇರಬೇಕು. ಇಲ್ಲಿ ಒಂದು ತೊಡಕಿದೆ. ನೈಟ್ರೇಟ್ ತಯಾರಾಗಲು ಆಮ್ಲಜನಕ ಬೇಕು, ಕರಗಲು ಆಮ್ಲಜನಕ ಇರಬಾರದು. ಎರಡೂ ಹತ್ತಿರ ಹತ್ತಿರ ಇರುವುದು ಹೇಗೆ?

ಒಂದು ಹಿಡಿ ಕಾಡಿನ ಮಣ್ಣು ಕೈಗೆ ತೆಗೆದುಕೊಳ್ಳಿ. ಅದು ಹಿಟ್ಟಿನ ಹಾಗೆ ಇರುವುದಿಲ್ಲ. ಸಣ್ಣ ಸಣ್ಣ ಉಂಡೆಗಳಾಗಿರುತ್ತದೆ. ಉಂಡೆಯ ಹೊರಮೈಗೆ ಗಾಳಿ ತಾಗುತ್ತದೆ. ಒಳಗಿನ ತೂತುಗಳಲ್ಲಿ ನೀರು ತುಂಬಿರುತ್ತದೆ. ಗಾಳಿಯಲ್ಲಿ ಸಾಗುವುದಕ್ಕಿಂತ ನೀರಿನಲ್ಲಿ ಆಮ್ಲಜನಕ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಸಾಗುತ್ತದೆ. ಉಂಡೆಯ ಅಂಚಿನಲ್ಲಿರುವ ಜೀವಿಗಳು ಬಂದಷ್ಟನ್ನು ಬಳಸಿಕೊಂಡುಬಿಟ್ಟರೆ ನಡುವಿಗೆ ತಲುಪುವುದು ಸೊನ್ನೆ. 1985ರಲ್ಲಿ ಕೂದಲೆಳೆಯಷ್ಟು ಸಣ್ಣ ಎಲೆಕ್ಟ್ರೋಡುಗಳನ್ನು ಮಣ್ಣಿನ ಉಂಡೆಗಳೊಳಗೆ ಇಳಿಸಿ ಇದನ್ನು ನೇರವಾಗಿ ಅಳೆದರು. ಹೊರಗೆ ಗಾಳಿಯಾಡುವ ಮಣ್ಣೇ ಆದರೂ ಕೆಲವು ಉಂಡೆಗಳ ನಡುವೆ ಆಮ್ಲಜನಕ ಇರಲಿಲ್ಲ. ಹೊರಗೆ ನೈಟ್ರೀಕರಣ, ಒಳಗೆ ಡಿನೈಟ್ರೀಕರಣ. ಜಗುಲಿಯಲ್ಲಿ ಒಬ್ಬರು ಅಡಿಕೆ ಸುಲಿದರೆ ಒಳಗೆ ಇನ್ನೊಬ್ಬರು ಬೇಯಿಸುವ ಹಾಗೆ, ಒಂದೇ ಮನೆಯಲ್ಲಿ ಎರಡು ಕೆಲಸ.

1987ರಲ್ಲಿ ಪಾರ್ಕಿನ್ ಎಂಬ ಅಮೆರಿಕದ ವಿಜ್ಞಾನಿ ಇನ್ನೊಂದು ಸಂಗತಿ ತೋರಿಸಿದರು. ಮಣ್ಣಿನ ಮಾದರಿಗಳನ್ನು ಚೂರು ಚೂರು ಮಾಡಿ ಯಾವ ಭಾಗದಿಂದ ಅನಿಲ ಬರುತ್ತಿದೆ ಎಂದು ಹುಡುಕಿದರು. ಒಂದು ಮಾದರಿಯಲ್ಲಿ ಬಹುಪಾಲು ಕೆಲಸ ನಡೆಯುತ್ತಿದ್ದದ್ದು ಕೊಳೆಯುತ್ತಿದ್ದ ಒಂದು ಸಣ್ಣ ಎಲೆಯ ಚೂರಿನಲ್ಲಿ. ನಮ್ಮ ದಂಟು, ಹರಿವೆಯ ಜಾತಿಗೇ ಸೇರಿದ ಒಂದು ಕಳೆಯ ಎಲೆ ಅದು. ಮಿಕ್ಕ ಮಣ್ಣೆಲ್ಲ ಹೆಚ್ಚುಕಡಿಮೆ ಸುಮ್ಮನೆ ಕುಳಿತಿತ್ತು. ಜಾಗ ಹೇಗೋ ಹೊತ್ತೂ ಹಾಗೇ. ಬೇಸಿಗೆಯಲ್ಲಿ ಒಣಗಿದ್ದ ಕಾಡಿಗೆ ಮುಂಗಾರಿನ ಮೊದಲ ಮಳೆ ಬಿದ್ದಾಗ ಮಣ್ಣಿನ ಜೀವಿಗಳು ಒಮ್ಮೆಗೇ ಎಚ್ಚರಗೊಳ್ಳುತ್ತವೆ. ಆ ಕೆಲವು ದಿನಗಳಲ್ಲಿ ಹೊರಬರುವ ಅನಿಲ ಎಷ್ಟೋ ವಾರಗಳ ಲೆಕ್ಕಕ್ಕೆ ಸಮನಾಗಬಹುದು. ಅಳೆಯುವವರು ಆ ವಾರ ರಜೆಯಲ್ಲಿದ್ದರೆ ವರ್ಷದ ಲೆಕ್ಕವೇ ತಪ್ಪಿತು.

ಅಳೆಯುವುದು ಏಕೆ ಕಷ್ಟ ಎನ್ನುವುದಕ್ಕೆ ಇನ್ನೂ ದೊಡ್ಡ ಕಾರಣ ಇದೆ. ಹೊರಬರುವುದು ಸಾರಜನಕ, ಸುತ್ತ ಇರುವುದೂ ಸಾರಜನಕ. ತುಂಬಿದ ಕೆರೆಗೆ ಯಾರೋ ಒಂದು ಚೊಂಬು ನೀರು ಸುರಿದರು, ಎಷ್ಟು ಸುರಿದರು ಹೇಳಿ ಎಂದರೆ ಹೇಗೆ? 1976ರಲ್ಲಿ ಒಂದು ಉಪಾಯ ಸಿಕ್ಕಿತು. ಅಸಿಟಿಲೀನ್ ಅನಿಲ ಸೇರಿಸಿದರೆ ಕೊನೆಯ ಮೆಟ್ಟಿಲಿನ ಕಿಣ್ವ ನಿಂತುಹೋಗುತ್ತದೆ. ಗ್ಯಾಸ್ ವೆಲ್ಡಿಂಗ್ ಮಾಡುವಾಗ ಉರಿಸುವ, ಕಾರ್ಬೈಡಿಗೆ ನೀರು ತಾಗಿದಾಗ ಬರುವ ಅದೇ ಅಸಿಟಿಲೀನ್. ಆಗ ಎಲ್ಲವೂ ನೈಟ್ರಸ್ ಆಕ್ಸೈಡ್ ಆಗಿ ನಿಲ್ಲುತ್ತದೆ. ಗಾಳಿಯಲ್ಲಿ ಅದು ತೀರಾ ಕಡಿಮೆ ಇರುವುದರಿಂದ ಅಳೆಯುವುದು ಸುಲಭ. ಆದರೆ ಅಸಿಟಿಲೀನ್ ನೈಟ್ರೀಕರಣವನ್ನೂ ತಡೆಯುತ್ತದೆ, ನೈಟ್ರೇಟ್ ಬರುವುದೇ ನಿಂತು ಲೆಕ್ಕ ಕಡಿಮೆ ಬರುತ್ತದೆ. ಆಮೇಲೆ ಭಾರವಾದ ಸಾರಜನಕ, ಅಂದರೆ ದ್ರವ್ಯರಾಶಿ 15 ಇರುವ ಸಮಸ್ಥಾನಿ, ಬಳಕೆಗೆ ಬಂತು. ನಿಸರ್ಗದಲ್ಲಿ ಇದು ನೂರಕ್ಕೆ 0.37ರಷ್ಟು ಮಾತ್ರ. ಇದರಿಂದ ಗುರುತು ಹಾಕಿದ ನೈಟ್ರೇಟನ್ನು ಮಣ್ಣಿಗೆ ಹಾಕಿ, ಆ ಗುರುತು ಗಾಳಿಯಲ್ಲಿ ಎಷ್ಟು ಬಂತು ಎಂದು ನೋಡುತ್ತೇವೆ. ಮಣ್ಣಿನ ಮಾದರಿಯ ಸುತ್ತಲಿನ ಗಾಳಿಯನ್ನೆಲ್ಲ ತೆಗೆದು ಹೀಲಿಯಂ ತುಂಬಿ ಅಳೆಯುವುದೂ ಇದೆ. ಯಾವುದೂ ಸುಲಭವಲ್ಲ, ಯಾವುದೂ ಅಗ್ಗವಲ್ಲ.

ಇನ್ನು ಕೊನೆಯ ಮೆಟ್ಟಿಲಿನ ಮಾತು. ನೈಟ್ರಸ್ ಆಕ್ಸೈಡ್ ಎಂದರೆ ನಗಿಸುವ ಅನಿಲ. ಹಲ್ಲು ಕೀಳುವಾಗ ನೋವು ಗೊತ್ತಾಗದಿರಲು 1844ರಲ್ಲೇ ಇದನ್ನು ಬಳಸಿದ್ದರು. ಆದರೆ ಆಕಾಶಕ್ಕೆ ಹೋದರೆ ಇದು ನಗುವ ವಿಷಯ ಅಲ್ಲ. ನೂರು ವರ್ಷದ ಲೆಕ್ಕದಲ್ಲಿ, ಅದೇ ತೂಕದ ಕಾರ್ಬನ್ ಡೈಆಕ್ಸೈಡಿಗೆ ಹೋಲಿಸಿದರೆ ಇದು ಸುಮಾರು 273 ಪಟ್ಟು ಹೆಚ್ಚು ಭೂಮಿಯನ್ನು ಬಿಸಿ ಮಾಡುತ್ತದೆ. ಒಮ್ಮೆ ಮೇಲೆ ಹೋದದ್ದು ಶತಮಾನಕ್ಕೂ ಹೆಚ್ಚು ಕಾಲ ಉಳಿಯುತ್ತದೆ. ಮೇಲೆ ಏರಿ ಓಜೋನ್ ಪದರವನ್ನೂ ಕೊರೆಯುತ್ತದೆ. ಕಾಡಿನ ಮಣ್ಣು ಕೆಲಸವನ್ನು ಪೂರ್ತಿ ಮುಗಿಸಿ ಸಾರಜನಕ ಬಿಟ್ಟರೆ ಯಾರಿಗೂ ತೊಂದರೆ ಇಲ್ಲ. ಮೂರನೇ ಮೆಟ್ಟಿಲಿನಲ್ಲೇ ಕೈಬಿಟ್ಟರೆ ತೊಂದರೆ.

ಕೈಬಿಡುವುದು ಯಾವಾಗ? ನೈಟ್ರೇಟ್ ತುಂಬಾ ಹೆಚ್ಚಾದಾಗ. ಮಣ್ಣು ಪೂರ್ತಿ ಒದ್ದೆಯಾಗದೆ ಅರೆಬರೆ ಗಾಳಿಯಾಡುವಾಗ. ಮಣ್ಣು ಹುಳಿಯಾಗಿದ್ದಾಗ, ಅಂದರೆ ಆಮ್ಲೀಯವಾಗಿದ್ದಾಗ. ಹುಳಿ ಮಣ್ಣಿನಲ್ಲಿ ಬ್ಯಾಕ್ಟೀರಿಯಾ ಕೊನೆಯ ಕಿಣ್ವವನ್ನು ಸರಿಯಾಗಿ ಜೋಡಿಸಲಾರದು ಎಂದು ನಾರ್ವೆಯ ಸಂಶೋಧಕರು ತೋರಿಸಿದ್ದಾರೆ. ಕಿಣ್ವ ಮಾಡುವ ಸೂಚನೆ ಜೀವಕೋಶದಲ್ಲಿ ಇರುತ್ತದೆ, ಕೆಲಸ ಮಾಡುವ ಕಿಣ್ವ ಮಾತ್ರ ತಯಾರಾಗುವುದಿಲ್ಲ. ಹೆಚ್ಚು ಮಳೆಯ ನಮ್ಮ ಮಲೆನಾಡಿನ ಮಣ್ಣು ಹುಳಿ ಮಣ್ಣು ಎನ್ನುವುದು ಇಲ್ಲಿರುವ ಕೃಷಿಕರಿಗೆಲ್ಲ ಗೊತ್ತು. ಸುಣ್ಣ ಹಾಕುವುದು ಅದಕ್ಕೇ. ಇದನ್ನೂ ಮನಸ್ಸಿನಲ್ಲಿಟ್ಟುಕೊಳ್ಳಿ.

ಈಗ ಎರಡು ಕಾಡುಗಳ ಕಥೆ ಹೇಳುತ್ತೇನೆ. ಎರಡೂ ಅಮೆರಿಕದವು, ಏಕೆಂದರೆ ಮರ ಇದ್ದಾಗ ಏನು, ಇಲ್ಲದಿದ್ದಾಗ ಏನು ಎಂದು ಅಲ್ಲಿ ವರ್ಷಗಟ್ಟಲೆ ಕೂತು ಅಳೆದಿದ್ದಾರೆ.

ಮೊದಲನೆಯದು ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಹಬ್ಬಾರ್ಡ್ ಬ್ರೂಕ್ ಕಾಡು. ಜೀನ್ ಲೈಕೆನ್ಸ್, ಹರ್ಬರ್ಟ್ ಬೋರ್ಮನ್ ಮತ್ತು ಸಂಗಡಿಗರು ಅಲ್ಲಿಯ ಹಳ್ಳಗಳ ನೀರನ್ನು 1960ರ ದಶಕದಲ್ಲಿ ಅಳೆಯಲು ಶುರು ಮಾಡಿದರು. 1965ರ ಕೊನೆಯಲ್ಲಿ ಸುಮಾರು 16 ಹೆಕ್ಟೇರಿನ ಒಂದು ಜಲಾನಯನದ ಮರ, ಪೊದೆ ಎಲ್ಲವನ್ನೂ ಕಡಿದು ಅಲ್ಲೇ ಬಿಟ್ಟರು. ಮುಂದಿನ ಮೂರು ಬೇಸಿಗೆ ಕಳೆನಾಶಕ ಹೊಡೆದು ಚಿಗುರದಂತೆ ನೋಡಿಕೊಂಡರು. ಪಕ್ಕದ ಜಲಾನಯನವನ್ನು ಮುಟ್ಟಲಿಲ್ಲ. ಕಡಿಯುವ ಮೊದಲು ಹಳ್ಳದ ಒಂದು ಲೀಟರ್ ನೀರಿನಲ್ಲಿ ನೈಟ್ರೇಟ್ ಒಂದು ಮಿಲಿಗ್ರಾಂ ಆಸುಪಾಸಿನಲ್ಲಿತ್ತು. ಕಡಿದ ಮೇಲೆ ಮೊದಲ ವರ್ಷ ಸರಾಸರಿ 38, ಎರಡನೇ ವರ್ಷ 53 ಮಿಲಿಗ್ರಾಂಗೆ ಏರಿತು. ಕುಡಿಯುವ ನೀರಿನಲ್ಲಿ ಇರಬಹುದಾದ ಮಿತಿ 45 ಮಿಲಿಗ್ರಾಂ. ಅಲ್ಲಿಯೂ ಅಷ್ಟೇ, ನಮ್ಮ ದೇಶದ ಮಾನದಂಡದಲ್ಲೂ ಅಷ್ಟೇ. ಯಾರೂ ಒಂದು ಹಿಡಿ ಗೊಬ್ಬರ ಹಾಕದ ಬೆಟ್ಟದ ಹಳ್ಳ ಆ ಮಿತಿ ದಾಟಿತು.

ಮಣ್ಣಿನಲ್ಲಿ ಎಲೆ ಕೊಳೆಯುವುದು, ನೈಟ್ರೇಟ್ ಆಗುವುದು ನಿಲ್ಲಲಿಲ್ಲ. ಹೀರಿಕೊಳ್ಳುವ ಬೇರು ಮಾತ್ರ ಇರಲಿಲ್ಲ. ಅಷ್ಟನ್ನೂ ಡಿನೈಟ್ರೀಕರಣದ ಬ್ಯಾಕ್ಟೀರಿಯಾಗಳು ನಿಭಾಯಿಸಲಾಗಲಿಲ್ಲ, ಮಿಕ್ಕದ್ದು ಹಳ್ಳಕ್ಕೆ ಹರಿಯಿತು. ಮರ ಮತ್ತು ಮಣ್ಣಿನ ಜೀವಿ ಒಂದೇ ಸಂಸಾರದ ಇಬ್ಬರು ದುಡಿಯುವವರು. ಒಬ್ಬರನ್ನು ಹೊರಗೆ ಹಾಕಿ ಇನ್ನೊಬ್ಬರಿಂದ ಪೂರ್ತಿ ಕೆಲಸ ನಿರೀಕ್ಷಿಸಲಾಗದು. ಅಂದಹಾಗೆ, ಆ ಕಾಡಿನ ಮುಟ್ಟದ ಭಾಗದಲ್ಲೂ ಸಾರಜನಕದ ಜಮಾ ಖರ್ಚು ಇವತ್ತಿಗೂ ಸರಿಯಾಗಿ ತಾಳೆಯಾಗುತ್ತಿಲ್ಲ. ಇತ್ತೀಚಿನ ದಶಕಗಳಲ್ಲಿ ಬರುವುದಕ್ಕಿಂತ ಹಳ್ಳದಲ್ಲಿ ಹೋಗುವುದು ಬಹಳ ಕಡಿಮೆ, ಮರಗಳೂ ಅಷ್ಟನ್ನು ಕೂಡಿಟ್ಟಿಲ್ಲ. ಕಾಣೆಯಾದ ಪಾಲಿನಲ್ಲಿ ಒಂದಿಷ್ಟು ಅನಿಲವಾಗಿ ಹೋಗುತ್ತಿದೆ ಎಂಬುದು ಅಲ್ಲಿಯವರ ವಿಚಾರ. ಅರ್ಧ ಶತಮಾನ ಅಳೆದ ಕಾಡಿನ ಕಥೆ ಇದು. ನಮ್ಮ ಕಾನಿನ ಮಣ್ಣಿನಲ್ಲಿ ಕೆಲಸ ಮಾಡಬೇಕಾದ ಮಕ್ಕಳಿಗೆ ಎಷ್ಟು ಕೆಲಸ ಬಾಕಿ ಇದೆ ಎಂದು ಇದರಿಂದಲೇ ಊಹಿಸಿ.

ಎರಡನೆಯ ಕಥೆ ಮೇರಿಲ್ಯಾಂಡ್ ರಾಜ್ಯದ ರೋಡ್ ನದಿಯ ಬಯಲಿನದು. ಅಲ್ಲಿ ಇಳಿಜಾರಿನ ಮೇಲೆ ಮೆಕ್ಕೆಜೋಳದ ಹೊಲ, ಕೆಳಗೆ ಹಳ್ಳ, ನಡುವೆ ಹಳ್ಳದಂಚಿನ ಕಾಡು. ಹೊಲಕ್ಕೆ ಹಾಕಿದ ಗೊಬ್ಬರದ ನೈಟ್ರೇಟ್ ನೆಲದೊಳಗಿನ ನೀರಿನ ಜೊತೆ ಕಾಡಿನ ಬುಡದಲ್ಲಿ ಹಾದು ಹಳ್ಳಕ್ಕೆ ಬರಬೇಕು. ಪೀಟರ್‌ಜಾನ್ ಮತ್ತು ಕೊರೆಲ್ ಎಂಬ ಇಬ್ಬರು ಆ ದಾರಿಯುದ್ದಕ್ಕೂ ಸಣ್ಣ ಕೊಳವೆಗಳನ್ನು ಇಳಿಸಿ ನೀರು ತೆಗೆದು ಪರೀಕ್ಷಿಸಿದರು. 1984ರಲ್ಲಿ ಪ್ರಕಟವಾದ ಅವರ ಲೆಕ್ಕ ಇದು. ಹೊಲ ತನಗೆ ಬಂದ ಸಾರಜನಕದಲ್ಲಿ ನೂರಕ್ಕೆ 8ರಷ್ಟನ್ನು ಮಾತ್ರ ತಡೆದಿತ್ತು. ಹಳ್ಳದಂಚಿನ ಕಾಡು ತನಗೆ ಬಂದದ್ದರಲ್ಲಿ ನೂರಕ್ಕೆ 89ರಷ್ಟನ್ನು ತಡೆದಿತ್ತು. ನೀರಿನ ನೈಟ್ರೇಟ್ ಬಹುಪಾಲು ಇಳಿದದ್ದು ಕಾಡಿನ ಮೊದಲ ಇಪ್ಪತ್ತು ಮೀಟರಿನೊಳಗೇ. ಒಂದಿಷ್ಟು ಮರಗಳ ಬೇರಿಗೆ ಹೋಯಿತು, ಒಂದಿಷ್ಟು ಡಿನೈಟ್ರೀಕರಣದಿಂದ ಗಾಳಿಗೆ ಹೋಯಿತು.

ಹಳ್ಳದಂಚಿನಲ್ಲೇ ಇದು ಚೆನ್ನಾಗಿ ನಡೆಯುವುದೇಕೆ? ನಾನು ಹೇಳಿದ ಮೂರೂ ಸಂಗತಿ ಅಲ್ಲಿ ಕೂಡುತ್ತವೆ. ನೀರು ಮೇಲುಮಟ್ಟದಲ್ಲೇ ಇರುವುದರಿಂದ ಮಣ್ಣಿಗೆ ಗಾಳಿ ಕಡಿಮೆ. ಮೇಲಿನ ತೋಟದಿಂದ ನೈಟ್ರೇಟ್ ಬರುತ್ತದೆ. ಮರಗಳ ದರಕು ಮತ್ತು ಬೇರಿನಿಂದ ಆಹಾರ ಸಿಗುತ್ತದೆ. ಮರ ತೆಗೆದರೆ ಬ್ಯಾಕ್ಟೀರಿಯಾ ಸಾಯುವುದಿಲ್ಲ. ಆದರೆ ಬೇರು ಹೋಯಿತು, ದರಕು ಹೋಯಿತು, ಬಸಿಗಾಲುವೆ ತೋಡಿದ್ದರಿಂದ ನೀರು ಮಣ್ಣಿನಲ್ಲಿ ನಿಲ್ಲದೆ ನೇರ ಹಳ್ಳಕ್ಕೆ ಓಡಿತು. ಕೆಲಸಗಾರರಿದ್ದರೂ ಕಾರ್ಖಾನೆ ಮುಚ್ಚಿದ ಹಾಗೆ.

ಈಗ ನಮ್ಮ ಊರು. ಹಿರಿಯರೇ, ನಾನು ತೋಟದ ಮನೆಯಲ್ಲಿ ಹುಟ್ಟಿದವಳು. ಒಂದು ಎಕರೆ ಹೆಚ್ಚು ತೋಟ ಎಂದರೆ ಒಂದು ಮನೆಗೆ ಏನು ಎಂದು ನನಗೆ ಗೊತ್ತು. ಮಕ್ಕಳ ಕಾಲೇಜು, ಮದುವೆ, ಸಾಲ ಎಲ್ಲ ಅದರ ಮೇಲೇ ನಿಂತಿದೆ. ಹೊರಗಿನಿಂದ ಬಂದು ಉಪದೇಶ ಮಾಡುವುದು ನನ್ನ ಉದ್ದೇಶವಲ್ಲ. ಆದರೆ ಆ ಪಟ್ಟಿಯನ್ನು ಬರೀ ಖಾಲಿ ಜಾಗ ಎಂದು ಲೆಕ್ಕ ಹಾಕಬೇಡಿ. ಅದು ಸಂಬಳವಿಲ್ಲದೆ ಹಗಲೂ ರಾತ್ರಿ ನೀರು ತೊಳೆಯುವ ಜಾಗ ಆಗಿರಬಹುದು. ಅದರ ಕೆಳಗಿರುವುದು ಈ ಶಾಲೆಯ ಬಾವಿ. ನೈಟ್ರೇಟಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನಷ್ಟು ದಟ್ಟವಾಗುತ್ತದೆ. ಹೆಚ್ಚು ನೈಟ್ರೇಟಿನ ನೀರಿನಿಂದ ಅಪಾಯ ಮುಖ್ಯವಾಗಿ ಬಾಟಲಿ ಹಾಲು ಕುಡಿಯುವ ಎಳೆಗೂಸುಗಳಿಗೆ. ರಕ್ತ ಆಮ್ಲಜನಕ ಒಯ್ಯುವ ಶಕ್ತಿ ಕುಂದಿ ಮಗು ನೀಲಿಗಟ್ಟುತ್ತದೆ.

ಕಾಡಿನ ಪಟ್ಟಿಯೇ ಎಲ್ಲಕ್ಕೂ ಪರಿಹಾರ ಎಂದೂ ನಾನು ಹೇಳುವುದಿಲ್ಲ. ಆಗಲೇ ಎರಡು ಮಾತು ನೆನಪಿಟ್ಟುಕೊಳ್ಳಿ ಎಂದಿದ್ದೆ, ಕೊನೆಯ ಮೆಟ್ಟಿಲು ಮತ್ತು ಹುಳಿ ಮಣ್ಣು. ಮೇಲಿನಿಂದ ಬೇಕಾಬಿಟ್ಟಿ ನೈಟ್ರೇಟ್ ಹರಿದು ಬಂದರೆ, ನಮ್ಮ ಹುಳಿ ಮಣ್ಣಿನ ಪಟ್ಟಿ ನೀರನ್ನು ಶುದ್ಧ ಮಾಡುವ ಜೊತೆಗೆ ನಗಿಸುವ ಅನಿಲವನ್ನೂ ಹೆಚ್ಚು ಬಿಡಬಹುದು. ಹಳ್ಳ ಉಳಿಸಲು ಹೋಗಿ ಆಕಾಶಕ್ಕೆ ಕಸ ಎಸೆದ ಹಾಗೆ. ಆದ್ದರಿಂದ ಕೆಲಸ ಮೇಲಿನಿಂದಲೇ ಶುರುವಾಗಬೇಕು. ಗೊಬ್ಬರವನ್ನು ಒಂದೇ ಸಲ ಸುರಿಯದೆ ಕಂತುಗಳಲ್ಲಿ ಕೊಡುವುದು, ಜಡಿಮಳೆಯ ಮುನ್ನ ಕೊಡದಿರುವುದು, ಮಣ್ಣು ಪರೀಕ್ಷೆ ಮಾಡಿಸಿ ಬೇಕಾದಷ್ಟೇ ಕೊಡುವುದು. 2015ರಲ್ಲಿ ಕೇಂದ್ರ ಸರ್ಕಾರ ದೇಶದಲ್ಲಿ ತಯಾರಾಗುವ ಯೂರಿಯಾಕ್ಕೆಲ್ಲ ಬೇವಿನ ಲೇಪ ಕಡ್ಡಾಯ ಮಾಡಿತು. ಬೇವು ನೈಟ್ರೀಕರಣವನ್ನು ನಿಧಾನ ಮಾಡುತ್ತದೆ. ಅಮೋನಿಯಂ ಮಣ್ಣಿನಲ್ಲಿ ಇನ್ನಷ್ಟು ದಿನ ನಿಲ್ಲುತ್ತದೆ, ಗಿಡಕ್ಕೆ ತೆಗೆದುಕೊಳ್ಳಲು ಸಮಯ ಸಿಗುತ್ತದೆ. ದುಡ್ಡು ಕೊಟ್ಟು ತಂದ ಗೊಬ್ಬರ ಹಳ್ಳಕ್ಕೆ ಹೋದರೆ ನಷ್ಟ ಯಾರಿಗೆ? ಹಳ್ಳಕ್ಕಿಂತ ಮೊದಲು ನಮಗೇ.

ಮಕ್ಕಳಿಗೆ ಒಂದು ಕೆಲಸ ಕೊಟ್ಟು ಮಾತು ಮುಗಿಸುತ್ತೇನೆ. ನಿಮ್ಮ ವಿಜ್ಞಾನ ಶಿಕ್ಷಕರ ಜೊತೆ ನಿನ್ನೆಯೇ ಮಾತಾಡಿದ್ದೇನೆ. ಅಕ್ವೇರಿಯಂ ಸಾಮಾನಿನ ಅಂಗಡಿಗಳಲ್ಲಿ ನೈಟ್ರೇಟ್ ಅಳೆಯುವ ಕಾಗದದ ಪಟ್ಟಿ ಸಿಗುತ್ತದೆ. ಒಂದಿಷ್ಟನ್ನು ನಾನೇ ತಂದುಕೊಟ್ಟಿದ್ದೇನೆ. ಮೂರು ಬಾಟಲಿ ತೆಗೆದುಕೊಳ್ಳಿ. ಒಂದಕ್ಕೆ ಹಳ್ಳದಂಚಿನ ಕಾಡಿನ ಮಣ್ಣು, ಇನ್ನೊಂದಕ್ಕೆ ನಿಮ್ಮ ಆಟದ ಮೈದಾನದ ಮಣ್ಣು, ಒಂದೇ ತೂಕದಷ್ಟು. ಮೂರನೆಯದಕ್ಕೆ ಮಣ್ಣೇ ಬೇಡ. ಕುದಿಸಿ ಆರಿಸಿದ ನೀರಿಗೆ ಪ್ರಯೋಗಾಲಯದ ಪೊಟ್ಯಾಸಿಯಂ ನೈಟ್ರೇಟ್ ಚಿಟಿಕೆಯಷ್ಟು ಕರಗಿಸಿ, ಮೂರಕ್ಕೂ ಬಾಯಿತನಕ ತುಂಬಿ. ಅನಿಲ ಬಂದರೆ ಬಾಟಲಿ ಒಡೆಯಬಾರದು, ಮುಚ್ಚಳ ತೀರಾ ಬಿಗಿಯಬೇಡಿ. ಕತ್ತಲಲ್ಲಿಟ್ಟು ದಿನಕ್ಕೊಮ್ಮೆ ಅಳೆದು ಹತ್ತು ದಿನ ಬರೆದಿಡಿ. ಯಾವ ಬಾಟಲಿಯಲ್ಲಿ ನೈಟ್ರೇಟ್ ಬೇಗ ಇಳಿಯುತ್ತದೆ ನೋಡಿ. ಒಂದು ಎಚ್ಚರಿಕೆ: ಇಳಿದ ನೈಟ್ರೇಟ್ ಎಲ್ಲವೂ ಅನಿಲವೇ ಆಯಿತು ಎಂದು ಬರೆಯಬೇಡಿ. ಸ್ವಲ್ಪವನ್ನು ಜೀವಿಗಳು ತಮ್ಮ ಮೈಗೆ ಸೇರಿಸಿಕೊಂಡಿರುತ್ತವೆ, ಸ್ವಲ್ಪ ಮತ್ತೆ ಅಮೋನಿಯಂ ಆಗಿರಬಹುದು. ಕಂಡದ್ದನ್ನು ಮಾತ್ರ ಬರೆಯುವುದು ವಿಜ್ಞಾನದ ಮೊದಲ ಪಾಠ. ಅದನ್ನು ನನಗೆ ಕಲಿಸಿದ್ದು ಇದೇ ಶಾಲೆಯ ಮೇಷ್ಟ್ರು.

ಅದರ ಜೊತೆಗೆ ತಿಂಗಳಿಗೊಮ್ಮೆ ಮೂರು ಕಡೆಯ ನೀರು ಪರೀಕ್ಷಿಸಿ. ತೋಟದ ಬಸಿಗಾಲುವೆ, ಕಾಡಿನ ಪಟ್ಟಿ ದಾಟಿದ ಮೇಲಿನ ಹಳ್ಳ, ಮತ್ತು ಶಾಲೆಯ ಬಾವಿ. ತಾರೀಖು, ಮಳೆ, ಅಳತೆ ಬರೆದು ಒಂದು ನೋಟ್ ಪುಸ್ತಕ ಮಾಡಿ, ಶಾಲೆಯಲ್ಲೇ ಇಡಿ. ಸಂಖ್ಯೆ ಹೆಚ್ಚು ಬಂದರೆ ಕಾಗದದ ಪಟ್ಟಿಯನ್ನೇ ನಂಬಿ ಗಾಬರಿಯಾಗುವುದು ಬೇಡ, ಸರ್ಕಾರಿ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕಳಿಸಿ 45ರ ಮಿತಿಗೆ ಹೋಲಿಸಿ. ಹಿರಿಯರೇ, ನಿಮ್ಮಲ್ಲಿ ನನ್ನ ಬಿನ್ನಹ ಇಷ್ಟೇ. ಆ ಪಟ್ಟಿಗೆ ಗರಗಸ ಹಾಕುವ ಮೊದಲು ಒಂದು ಮಳೆಗಾಲ ಕಾಯಿರಿ. ಮಕ್ಕಳ ಪುಸ್ತಕದಲ್ಲಿ ಒಂದು ವರ್ಷದ ಅಂಕಿ ತುಂಬಲಿ. ಆಮೇಲೆ ಅದನ್ನು ಎದುರಿಗಿಟ್ಟುಕೊಂಡು ಊರಿನ ಸಭೆಯಲ್ಲಿ ತೀರ್ಮಾನ ಮಾಡಿ. ಕಡಿದ ಮೇಲೆ ಅಳೆದರೆ ಹೋಲಿಸಲು ಏನೂ ಉಳಿಯುವುದಿಲ್ಲ. ಹಬ್ಬಾರ್ಡ್ ಬ್ರೂಕಿನವರಿಗೆ ಏನಾಯಿತೆಂದು ಗೊತ್ತಾದದ್ದು ಕಡಿಯುವ ಮೊದಲೇ ಅಳೆದಿದ್ದರಿಂದ.

ಐವತ್ತು ವರ್ಷ ಈ ಶಾಲೆ ನಮ್ಮಂಥವರನ್ನು ಓದಿಸಿ ಹೊರಗೆ ಕಳಿಸಿದೆ. ಇಲ್ಲಿ ಕುಳಿತಿರುವ ಹುಡುಗಿಯರಲ್ಲಿ, ಹುಡುಗರಲ್ಲಿ ಒಬ್ಬರಾದರೂ ಮುಂದೆ ನಮ್ಮದೇ ಕಾನಿನ ಮಣ್ಣಿನ ಲೆಕ್ಕ ಬರೆಯಲಿ. ಪಟ್ಟಿಗಳು ಸ್ಟಾಫ್ ರೂಮಿನ ಮೇಜಿನ ಮೇಲಿವೆ.